ಮೊದಲ ಬೋಗುಣಿ ನೀರು

ವಲಾತಾ,
ಶಾಬಾನ್ ತಿಂಗಳ ಚಂದ್ರ ಕಂಡ ಮೂರನೆಯ ದಿನ

ಪ್ರೀತಿಯ ಮಾವಾ,

ನಿಮ್ಮ ಸೋದರಳಿಯ ಅಗಾಲಿಯ ಸಲಾಮು. ಮೆಕ್ಕಾದ ದಾರಿ ನಿಮ್ಮ ಮಂಡಿಗಳನ್ನು ಎಷ್ಟು ಉಳಿಸಿದೆ? ಎಡಗಾಲಿನ ಊತ ಇಳಿಯಿತೇ? ಕೆಮ್ಮಿಗೆಂದು ಕಟ್ಟಿಕೊಟ್ಟ ಜೇನನ್ನು ನೀವು ನೆಕ್ಕಿದಿರೋ, ಇಲ್ಲ ಸಂಗಡಿಗರಿಗೆಲ್ಲ ಹಂಚಿ ಬರಿಗೈ ನೆಕ್ಕಿದಿರೋ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಂದರೆ ಸುತ್ತಲ ಮನೆಯವರ ಜೊತೆ ದಿನಾ ಜಗಳವಾಡುವಷ್ಟು ಚೆನ್ನಾಗಿದ್ದಾಳೆ. ಬಿಳಿ ಒಂಟೆ ಹೆಣ್ಣು ಮರಿ ಹಾಕಿದೆ. ಖರ್ಜೂರದ ನೆರಳಿನ ಕಲ್ಲಂಗಡಿ ಈ ವರ್ಷ ನಿಮ್ಮ ತಲೆಯಷ್ಟಾಗಿವೆ, ಅದೂ ಪೇಟ ಸುತ್ತಿದ ತಲೆಯಷ್ಟು.

ನಿಮ್ಮ ಒಂಟೆಸಾಲಿಗಿಂತ ಮುಂದಾಗಿ ನೀವು ಕಳಿಸಿದ ದಾರಿ ಬಲ್ಲ ಆಳು ನಿನ್ನೆ ಬೆಳಿಗ್ಗೆ ಊರು ಮುಟ್ಟಿದ. ಅವನು ಬಂದನೆಂದರೆ ಹಿಂದೆ ಮರಳಿನಲ್ಲಿ ನೀವೆಲ್ಲ ಬದುಕಿದ್ದೀರಿ ಎಂದು ಅರ್ಥ. ಊರಿಗೇ ಉಸಿರು ಬಂತು. ನಿಮ್ಮ ಓಲೆಯನ್ನು ಓದಿದೆ. "ನೀರು ಕಳಿಸು. ಮನೆಗೊಬ್ಬನೇ ಬರಬೇಕೆಂಬ ಪದ್ಧತಿ ನಿನಗೆ ಗೊತ್ತಿದೆ. ನೀನೋ ನನ್ನ ಮಗ ಯಹ್ಯಾನೋ, ನಿನಗೇ ಬಿಟ್ಟಿದ್ದೇನೆ" ಎಂದಿದ್ದೀರಿ. ಇದೆಂಥ ಬಿಡುವುದು ಮಾವಾ? ಹಸಿದ ಒಂಟೆಗೆ ಮೇವಿನ ಕಾವಲು ವಹಿಸಿದಂತಾಯಿತು. ಮರಳಿನ ನಡುವೆ ಹಿರಿಯನಿಗೆ ಮೊದಲ ಬೋಗುಣಿ ನೀರು ಕೊಟ್ಟವನೇ ಸಾಲಿನ ಮುಂದಿನ ಒಂಟೆಯ ಹಗ್ಗ ಹಿಡಿದು ಊರೊಳಗೆ ಬರುತ್ತಾನೆ. ಹಗ್ಗ ಹಿಡಿದವನೇ ಮುಂದೆ ಮನೆಯ ಉಪ್ಪಿನ ವ್ಯಾಪಾರಕ್ಕೆ ಯಜಮಾನ. ನಿಮ್ಮ ಮಾವನಿಗೆ ನೀವು ಹಾಗೆಯೇ ನೀರು ಒಯ್ದಿರಿ. ನಾನು ತೊಟ್ಟಿಲಲ್ಲಿದ್ದಾಗಲೇ ನಿಮ್ಮ ಬೋಗುಣಿ ನನ್ನದೆಂದು ಅಮ್ಮ ತೆಗೆದಿಟ್ಟಿದ್ದಾಳೆ. ಈ ಊರಿನಲ್ಲಿ ಮಾವನದು ಸೋದರಳಿಯನಿಗಲ್ಲದೆ ಇನ್ಯಾರಿಗೆ?

ಈಗ ಖಾಜಿಗಳು ಬೇರೆ ಹೇಳುತ್ತಿದ್ದಾರೆ. ಮಗನ ಪಾಲು ಮಗನಿಗೆ, ಅದೇ ಶರೀಯತ್ತಿನ ನ್ಯಾಯ ಎಂದು ಮೊನ್ನೆ ನಮಾಜಿನ ಬಳಿಕ ನನ್ನ ಮುಖ ನೋಡಿಯೇ ಹೇಳಿದರು. ಅಮ್ಮನ ಕಿವಿಗೆ ಬಿತ್ತು, ನೋಡಿ. ಮಸೀದಿಯ ಗೋಡೆಗೆ ಕೇಳುವಂತೆ ಅಂಗಳದಲ್ಲಿ ನಿಂತು ಕೂಗಿದಳು: "ಉಪ್ಪಿನ ಒಂಟೆಗಳ ಹಿಂದೆ ನಮಾಜು ಬಂತು, ಸಂತೋಷ, ಐದು ಹೊತ್ತೂ ಮಾಡ್ತೀನಿ. ನನ್ನ ಹೊಟ್ಟೇಲಿ ಹುಟ್ಟಿದೋನು ಪಕ್ಕಕ್ಕೆ ಸರಿಬೇಕು ಅಂತ ಯಾವ ಒಂಟೆ ಹೊತ್ಕೊಂಡು ಬಂತ್ರೀ?" ಖಾಜಿಗಳು ಬಾಗಿಲು ಹಾಕಿಕೊಂಡರು.

ನಿಮ್ಮ ಮಗನ ವಿಷಯ ಬರೆಯದೆ ಮುಂದೆ ಹೋಗುವ ಹಾಗಿಲ್ಲ. ನಿಮಗೆ ಸುದ್ದಿ ಮುಟ್ಟಿರುವಂತೆ, ಮರಳಿನಾಚೆಯ ಸಿಜಿಲ್ಮಾಸದಲ್ಲಿ ಅವನ ತಾಯಿ ತೀರಿಕೊಂಡ ಮೇಲೆ ಅವಳ ಕಡೆಯವರು ಅವನನ್ನು ನಮ್ಮ ಮನೆಗೆ ಕಳಿಸಿದರು. ನೀವು ಅವನನ್ನು ಕಡೆಯ ಸಲ ನೋಡಿದಾಗ ಅವನಿಗಿನ್ನೂ ಹಾಲುಹಲ್ಲು. ಈಗ ಮೀಸೆ ಬಂದಿದೆ. ಬಂದ ದಿನವೇ ಅಮ್ಮ ತನ್ನ ಗೆಳೆಯ ಮುದುಕನ ಜೊತೆ ಚಾಪೆಯ ಮೇಲೆ ಕೂತು ಹರಟುವುದನ್ನು ಕಂಡು ಕಣ್ಣು ಮುಚ್ಚಿಕೊಂಡು, "ಅತ್ತೆ, ನಿಮ್ಮ ಯಜಮಾನ್ರಿಗೆ ಇದು ಗೊತ್ತಾ?" ಅಂದ. "ಗೊತ್ತಿಲ್ದೆ ಏನು? ಚಾಪೆ ಹಾಸ್ಕೊಟ್ಟು ಹೋದೋರೇ ಅವರು" ಅಂದಳು ಅಮ್ಮ. ಊರೆಲ್ಲ ನಕ್ಕಿತು. ಅವತ್ತು ಒಂದು ದಿನ ನಾನೂ ಸುಖವಾಗಿ ನಿದ್ದೆ ಮಾಡಿದೆ.

ಆಮೇಲೆ ನನ್ನ ಕಷ್ಟ ಶುರುವಾಯಿತು. ಅವನು ಕುರಾನು ಓದಲು ಕೂತರೆ ಬೀದಿಯ ನಾಯಿಯೂ ಬಾಲ ಮಡಿಸಿ ಕೂರುತ್ತದೆ. ಸಜ್ಜೆಯ ಗಂಜಿಯ ಮೇಲೆ ಕಟ್ಟಿದ ಕೆನೆ ಮೊದಲು ನನ್ನ ಬೋಗುಣಿಗೆ ಬೀಳುತ್ತಿತ್ತು. ಈಗ "ತಾಯಿಯಿಲ್ಲದ ಕೂಸು" ಎಂದು ಅವನಿಗೆ ಬೀಳುತ್ತದೆ. ನನ್ನ ಹಕ್ಕಿಗಾಗಿ ಖಾಜಿಯ ಜೊತೆ ಜಗಳವಾಡಿದ ಕೈಯೇ ಅವನಿಗೆ ಕೆನೆ ಬಡಿಸುತ್ತದೆ! ಮಾಲಿ ನಗರದ ಕಡೆಯಿಂದ ಬಂಗಾರದ ಪುಡಿ ತರುವ ವ್ಯಾಪಾರಿಗಳ ಮುಂದೆ ನಾನು ಸೊಂಟ ಮುರಿದುಕೊಂಡು ಉಪ್ಪಿನ ಚಪ್ಪಡಿ ಇಳಿಸುತ್ತೇನೆ, ನೀವು ಕಲಿಸಿದ ಹಾಗೆ ಬೆರಳಲ್ಲಿ ತಟ್ಟಿ ಬಿರುಕಿಲ್ಲವೆಂದು ತೋರಿಸುತ್ತೇನೆ. ಅವರು ಕೇಳುವುದು ಒಂದೇ: "ಓದೋ ಹುಡುಗ ಎಲ್ಲಿ? ಅವನು ಬಿಸ್ಮಿಲ್ಲಾ ಬರೆದ ಚಪ್ಪಡಿಯೇ ಬೇಕು." ವ್ಯಾಪಾರ ಹೆಚ್ಚಿದೆ, ಸುಳ್ಳು ಹೇಳುವುದಿಲ್ಲ. ಹೆಚ್ಚಿದಷ್ಟೂ ನನ್ನ ಹೊಟ್ಟೆಯಲ್ಲಿ ಕೆಂಡ. ಈ ಓಲೆಯ ಅಕ್ಷರ ಮುಂಚಿಗಿಂತ ದುಂಡಾಗಿದೆ ಅನ್ನಿಸಿದರೆ ಹೊಗಳಬೇಡಿ, ತಿದ್ದಿಸಿದ್ದು ಅವನೇ.

ಹೋಗಲಿ, ಸೊಕ್ಕಿನವನಾಗಿದ್ದರೆ ದ್ವೇಷಿಸಲು ಎಷ್ಟು ಅನುಕೂಲವಿತ್ತು! ಅದೂ ಇಲ್ಲ. ಒಂದೇ ಕಡೆ ಅವನ ಬಾಯಿ ಕಟ್ಟುತ್ತದೆ. ಸಂತೆಯಲ್ಲಿ ಹೊಸಬರು ಯಾರಾದರೂ ನಮ್ಮೂರ ರೂಢಿಯಂತೆ "ಯಾರ ಸೋದರಳಿಯನಪ್ಪಾ ನೀನು?" ಎಂದರೆ ಅವನು ನಿಮ್ಮ ಹೆಸರು ಹೇಳಿ "ಅವರ ಮಗ" ಅನ್ನುತ್ತಾನೆ. "ಅಪ್ಪನ್ನ ಕೇಳಿದ್ದು ಯಾರೋ? ಮಾವ ಯಾರು?" ಎಂದು ಅವರು ನಗುತ್ತಾರೆ. ನಾನೂ ಅವರ ಜೊತೆ ನಗುತ್ತಿದ್ದೆ.

ನಿನ್ನೆ ನಿಮ್ಮ ಓಲೆ ಓದಿದ ಮೇಲೆ ತೊಗಲಿನ ನೀರುಚೀಲ ತುಂಬಲು ಒರತೆಗೆ ಹೋದೆ. ನಾನೇ ಬರುವುದೆಂದು ತೀರ್ಮಾನಿಸಿ ಆಗಿತ್ತು. ಅಮ್ಮ ತೊಗಲಿಗೆ ಬೆಣ್ಣೆ ಸವರಿ ಕೊಟ್ಟಿದ್ದಳು, ನಿಮ್ಮ ಹಳೆಯ ಬೋಗುಣಿ ಸೊಂಟದಲ್ಲಿತ್ತು. ಹಿಂದೆಯೇ ಅವನು ಬಂದ. ಸೇದುವ ಹಗ್ಗಕ್ಕೆ ಕೈ ಹಾಕಲಿಲ್ಲ, ನನ್ನನ್ನು ಕಳಿಸು ಎಂದು ಕೇಳಲಿಲ್ಲ. "ಅಣ್ಣಾ, ಅಪ್ಪ ಹ್ಯಾಗೆ ನಗ್ತಾರೆ?" ಅಂದ. ನನಗೆ ಸಿಟ್ಟೇ ಬಂತು. "ನಗ್ತಾರೆ, ಎಲ್ಲರ ಹಾಗೆ" ಅಂದೆ. ಆದರೂ ಮನಸ್ಸು ತಡೆಯದೆ, ಮೊದಲು ಕೆಮ್ಮು, ಆಮೇಲೆ ನಗು, ಆಮೇಲೆ ಮತ್ತೆ ಕೆಮ್ಮು ಎಂದು ಮಾಡಿ ತೋರಿಸಿದೆ. ಅವನು ನಗಲಿಲ್ಲ. ನೋಡಿದ ಹಾಗೆಯೇ ಮೆಲ್ಲಗೆ ತಾನೂ ಮಾಡಿ ನೋಡಿಕೊಂಡ. ಆಮೇಲೆ ಹೇಳಿದ: "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣಣ್ಣ. ನನ್ನ ಹತ್ರ ಅವರು ಕಳಿಸಿದ ಜುಬ್ಬಗಳಿವೆ. ನಿನ್ನ ಹತ್ರ ಅವರ ಕೆಮ್ಮಿದೆ. ಎದುರಿಗೆ ನಿಂತ್ರೆ ಅವರು ನನ್ನನ್ನೂ ಯಾರ ಸೋದರಳಿಯ ಅಂತ್ಲೇ ಕೇಳ್ತಾರೇನೋ."

ಮಾವಾ, ಹೊಟ್ಟೆಕಿಚ್ಚು ಒಂದಾದರೂ ನನ್ನೊಬ್ಬನ ಸ್ವತ್ತು ಎಂದುಕೊಂಡಿದ್ದೆ. ಅದರಲ್ಲೂ ಅವನು ಪಾಲು ಕೇಳಿದ. ಆಮೇಲೆ ಸೇದಿದ ನೀರು ಚೀಲಕ್ಕೆ ಹೋಯಿತೋ, ನೆಲಕ್ಕೆ ಹೋಯಿತೋ, ತಿಳಿಯಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಇದೇ ಒರತೆಗೆ ತಂದದ್ದು, ಮೊದಲ ಸಲ ಉಪ್ಪು ತಟ್ಟಲು ಬೆರಳು ಹಿಡಿದು ಕಲಿಸಿದ್ದು, ನನಗೆ ಸಿಡುಬು ಬಂದಾಗ ಒಂಟೆಗಳನ್ನು ಬೇರೆಯವರಿಗೆ ಒಪ್ಪಿಸಿ ಪಕ್ಕದಲ್ಲಿ ಕೂತದ್ದು, ಎಲ್ಲ ನೆನಪಾಯಿತು. ಅದರಲ್ಲಿ ಯಾವುದನ್ನು ಖಾಜಿ ಅವನಿಗೆ ಕೊಡಿಸಬಲ್ಲರು?

ಅಮ್ಮನ ಸಲಾಮು. ನೀವು ಮೆಕ್ಕಾದಿಂದ ತರುವ ಜಮ್‌ಜಮ್ ನೀರನ್ನು ದಾರಿಯಲ್ಲಿ ಯಾರಿಗೂ ಸುರಿಯಬಾರದಂತೆ. ಗಾಳಿ ನಿಮ್ಮ ಬೆನ್ನಿಗಿರಲಿ, ಮರಳು ಒಂಟೆಯ ಪಾದಕ್ಕೆ ಗಟ್ಟಿಯಾಗಿರಲಿ, ನಿಮ್ಮ ಕೆಮ್ಮು ಆದಷ್ಟು ಬೇಗ ನಮ್ಮ ಅಂಗಳದಲ್ಲಿ ಕೇಳಿಸಲಿ.

ನಿಮ್ಮ ಅಕ್ಕನ ಮಗ,
ಅಗಾಲಿ

ಮರೆತೆ: ದಾರಿಯ ಆಳು ಒಂಟೆ ಎಬ್ಬಿಸಿಬಿಟ್ಟಿದ್ದಾನೆ, ನಿಂತೇ ಬರೆಯುತ್ತಿದ್ದೇನೆ. ನೀರಿನವರು ಬಿಸಿಲು ಇಳಿದ ಮೇಲೆ ಹೊರಡುತ್ತಾರೆ, ಈ ಓಲೆ ಅವರಿಗಿಂತ ಮುಂಚೆ ನಿಮ್ಮನ್ನು ಮುಟ್ಟುತ್ತದೆ. ನಮ್ಮ ಮನೆಯ ನೀರು ಯಹ್ಯಾ ತರುತ್ತಾನೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ನೀಲಿ ಪೇಟವನ್ನೇ ಅವನಿಗೆ ಸುತ್ತಿದ್ದೇನೆ, ದೂರದಿಂದಲೇ ಗುರುತು ಸಿಗುತ್ತದೆ. ಬೋಗುಣಿ ಚಾಚಿದಾಗ ಯಾರು ನೀನು ಎಂದು ಕೇಳಬೇಡಿ ಮಾವಾ. ಅವನು ಬಾಯಿ ತೆರೆಯುವ ಮೊದಲೇ ಹೆಸರು ಹಿಡಿದು ಕರೆಯಿರಿ. ಈ ಓಲೆಯ ಸುದ್ದಿ ಎತ್ತಬೇಡಿ, ಮುಖ ಕಂಡೇ ಗುರುತು ಹತ್ತಿತು ಅನ್ನಿ. ಹಗ್ಗವನ್ನೂ ಅವನೇ ಹಿಡಿಯಲಿ. ಖಾಜಿಗಳಿಗೆ ಸಂತೋಷವಾಗುತ್ತದಲ್ಲ, ಅದೊಂದೇ ಸಂಕಟ. ಆದರೆ ಆ ನೀರು ಸೇದಿದವನು ನಾನು. ಕುಡಿಯುವಾಗ ಅದು ನಿಮಗೊಬ್ಬರಿಗೆ ಗೊತ್ತಿದ್ದರೆ ಸಾಕು.