ನಿನ್ನ ಪಾಲಿನ ಗುಂಡುಗಳು

ಪ್ರೀತಿಯ ವರ್ಲಿನ್,

ನಿನ್ನ ಹುಟ್ಟುಹಬ್ಬಕ್ಕೆ ನಿಮ್ಮಣ್ಣ ಕೊಡುತ್ತಿರುವ ಪಿಸ್ತೂಲಿನ ಗುಂಡುಗಳ ಡಬ್ಬಿಯೊಳಗೇ ಈ ಚೀಟಿ ಇಟ್ಟಿದ್ದೇನೆ. ಒಂದನ್ನೂ ಹಾರಿಸಬೇಡ, ಎಲ್ಲವನ್ನೂ ಬಿಚ್ಚಿ ಮದ್ದು ಸುರಿದುಬಿಡು. ಅವರು ಕೇಳಿದರೆ ಚೆನ್ನಾಗಿ ಹಾರಿದವು ಅನ್ನು.

ಅಂಗಡಿಯ ಗುಂಡು ದುಬಾರಿಯೆಂದು ಗುಂಡು ತಯಾರಿಸುವ ಯಾರದೋ ಹಳೆಯ ಪ್ರೆಸ್ ತಂದು, ಆಯ್ದು ತಂದ ಖಾಲಿ ತೋಟಾಗಳಿಗೆ ತಾವೇ ಸಿಡಿಮದ್ದು ತುಂಬುತ್ತಿದ್ದಾರಲ್ಲ. ಮೊನ್ನೆ ಅರ್ಧದಷ್ಟು ತೋಟಾಗಳಿಗೆ ಮದ್ದು ಹಾಕಿದ್ದಾಗ ನಿನ್ನ ಫೋನ್ ಬಂತು. ಎಲ್ಕ್ ಜಿಂಕೆ ಬೇಟೆಯ ಮಾತು ಮುಗಿಸಿ ಬಂದವರು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಲೆ ಕೆರೆದುಕೊಂಡು ಅಂದಾಜಿನ ಮೇಲೆ ಮುಂದುವರಿಸಿದರು. ಟಾರ್ಚ್ ಬಿಟ್ಟು ಒಳಗೆ ನೋಡದೆಯೇ ಮೇಲೆ ಸೀಸದ ಗುಂಡು ಕೂರಿಸಿ ಮುಚ್ಚಿದರು. ಒಂದರಲ್ಲಿ ಎರಡು ಸಲ ಮದ್ದು ಬಿದ್ದಿದ್ದರೂ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು.

ಬಿಚ್ಚಿ ನೋಡಿ ಅಂದೆ. "ಸುಮ್ನೆ ಹೆದರಿಸ್ಬೇಡ ಕಣೇ, ನಂಗೆ ಗೊತ್ತಿದೆ" ಅಂದರು.

ಅರ್ಧ ನಿನಗೆಂದು ತೆಗೆದಿಟ್ಟು, ತಮ್ಮ ಪಾಲನ್ನು ಇವತ್ತು ಕೊಟ್ಟಿಗೆಯ ಹಿಂದೆ ಹಾರಿಸಿದರು. ಅಡುಗೆಮನೆಯಲ್ಲಿ ಪ್ರತಿ ಸದ್ದಿಗೂ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಈಗಷ್ಟೇ ಒಳಗೆ ಬಂದು ಎರಡೂ ಕೈ ತೋರಿಸಿ, "ನೋಡ್ದಾ, ಏನಾಯ್ತೀಗ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಎರಡು ಸಲ ಮದ್ದು ಬಿದ್ದದ್ದು ಅವರ ಪಾಲಿನಲ್ಲಿ ಇರಲಿಲ್ಲ, ವರ್ಲಿನ್. ಇದ್ದರೆ ನಿನ್ನ ಪಾಲಿನಲ್ಲೇ ಇದೆ.

ನಿನ್ನ ಅತ್ತಿಗೆ,
ನಡೀನ್