ಹಳಿ ಯಂತ್ರದ ಮುಂದೆ ತಾಟು ಬಾರಿಸಿದವಳ ತಕರಾರು

ಹಳಿ ದುರಸ್ತಿ ಯಂತ್ರಗಳ ಉಸ್ತುವಾರಿ ಹೊತ್ತ ದೊಡ್ಡ ಸಾಹೇಬರೇ,

"ಅನಧಿಕೃತ ವೃದ್ಧೆಯೊಬ್ಬಳು ತಾಟು ಬಾರಿಸುತ್ತ ಯಂತ್ರದ ಮುಂದೆ ನಡೆದ ಕಾರಣ ಎಕ್ಸ್‌ಪ್ರೆಸ್ ಗಾಡಿ ಹತ್ತೊಂಬತ್ತು ನಿಮಿಷ ತಡವಾಯಿತು" ಎಂದು ತಮ್ಮ ಕಚೇರಿಯ ವರದಿ ಹೇಳುತ್ತದೆ. ಆ ವೃದ್ಧೆ ನಾನು. ನನಗೆ ಅರವತ್ತೊಂದು. ವಯಸ್ಸಿನ ಜಗಳ ಇನ್ನೊಮ್ಮೆ ಆಡೋಣ. ನನ್ನ ತಕರಾರು ಬೇರೆಯದು. ಇದೇ ವರದಿಯನ್ನು ಹಿಡಿದುಕೊಂಡು ತಾವು ಯಂತ್ರ ನಡೆಸುವ ಗುರುಶಾಂತನಿಗೆ ನೋಟೀಸು ಕೊಟ್ಟು, ಯಂತ್ರದಿಂದ ಇಳಿಸಿ, ಗೋದಾಮಿನಲ್ಲಿ ಬೋಲ್ಟು ಎಣಿಸಲು ಕೂಡಿಸಿದ್ದೀರಿ. ಒಂದು ಜೀವ ಉಳಿಸಿದವನಿಗೆ ಇದು ಯಾವ ಸೀಮೆಯ ಬಹುಮಾನ?

ನಾನು ಭಾಲ್ಕಿ ಕಡೆಯಿಂದ ಗಡಿ ದಾಟಿ, ಮಹಾರಾಷ್ಟ್ರದ ಉದಗೀರ ತಾಲೂಕಿನ ಈ ಹಳ್ಳಿಗೆ ಮದುವೆಯಾಗಿ ಬಂದವಳು. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾಗಿದ್ದೇನೆ. ನಲವತ್ತು ಮಕ್ಕಳನ್ನು ಎರಡು ಭಾಷೆಗಳಲ್ಲಿ ಗದರಿಸಿ ಸಾಲಾಗಿ ಕೂಡಿಸಿದ ಅನುಭವ ರೈಲ್ವೆ ಕೆಲಸಕ್ಕೆ ಅರ್ಹತೆಯಲ್ಲ ಎಂದರೆ ಒಪ್ಪುತ್ತೇನೆ. ಆದರೆ ತಮ್ಮ ಅರ್ಹರು, ಅಧಿಕೃತರು, ಆ ಮಧ್ಯಾಹ್ನ ಎಲ್ಲಿದ್ದರು?

ಆ ದಿನ ತೊಗರಿ ಹೊಲದಲ್ಲಿ ಬುತ್ತಿ ಉಂಡು, ಖಾಲಿ ತಾಟು ಹಿಡಿದುಕೊಂಡು ಮನೆಗೆ ಹೊರಟಿದ್ದೆ. ಹಳಿಯ ಮೇಲೆ ನಿಮ್ಮ ಹಳದಿ ಯಂತ್ರ ನಿಂತಿತ್ತು. ಎರಡು ರೈಲು ಡಬ್ಬಿಯಷ್ಟು ಉದ್ದದ್ದು, ಹಳಿಯನ್ನು ಎತ್ತಿ ಕೆಳಗೆ ಜಲ್ಲಿ ಜಡಿಯುವಂಥದ್ದು. ಇಂಜಿನ್ ನಡೆಯುತ್ತಿತ್ತು. ಗುರುಶಾಂತ ಮಾತ್ರ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ನಿಲಂಗಾ ಕಡೆಯವನು, ನಮ್ಮ ಕನ್ನಡ ಆಡುವವನು. ಹಾಗಾಗಿ ಕೇಳಿದೆ.

"ಯಾಕ ತಮ್ಮಾ, ಮಷೀನ್ ಕೆಟ್ಟಾದೇನು?"

"ಮಷೀನ್ ಛಲೋ ಅದ ರೀ ಬಾಯಿ. ಹಾರ್ನ್ ಸತ್ತಾದ. ಮುಂದ ಗುಡ್ಡಾ ಕಡದು ಹಳಿ ಹಾಕಿದಲ್ಲಿ ತಿರುವು ಅದ, ಏನೂ ಕಾಣಂಗಿಲ್ಲ. ಒಬ್ಬ ಮನಷಾ ಬಾವುಟ ಹಿಡಕೊಂಡು ಮುಂದ ನಡದ್ರ ಬಿಡತೀನಿ. ಇಲ್ಲಂದ್ರ ಬಿಡಂಗಿಲ್ಲ."

ಹಾರ್ನ್ ಕೆಟ್ಟಿದೆ ಎಂದು ಅವನು ಎರಡು ಸಲ ಬರೆದುಕೊಟ್ಟಿದ್ದನಂತೆ. ಬಾವುಟ ಹಿಡಿದು ನಡೆಯಬೇಕಾದವನು ಅವನ ಸಹಾಯಕ ನೀಲೇಶ. ಅಂವಾ ಎಲ್ಲಿ ಎಂದೆ.

"ಸಾಹೇಬರು ತಪಾಸಣಾಕ್ಕ ಬರತಾರಂತ ರೀ. ಖುರ್ಚಿ ಹಾಕಲಾಕ ಸ್ಟೇಶನ್‌ಗಿ ಕರಕೊಂಡು ಹೋಗ್ಯಾರ."

ಅಷ್ಟರಲ್ಲಿ ಸ್ಟೇಶನ್ನಿನಿಂದ ಫೋನು. ಯಂತ್ರಕ್ಕೆಂದು ಹಳಿ ಬಿಟ್ಟುಕೊಟ್ಟ ಹೊತ್ತು ಮುಗಿಯುತ್ತ ಬಂದಿತ್ತು. ಯಂತ್ರ ಸ್ಟೇಶನ್ ಸೇರುವ ತನಕ ಎಕ್ಸ್‌ಪ್ರೆಸ್ ಬಿಡುವಂತಿಲ್ಲ. ಫೋನಿನೊಳಗಿನ ಒದರಾಟ ನನಗೂ ಕೇಳುತ್ತಿತ್ತು. "ಮಾಣೂಸ ಪಾಠವಾ, ಸಾಹೇಬ" ಎಂದು ಗುರುಶಾಂತ ಮೂರು ಸಲ ಮನುಷ್ಯನನ್ನು ಕಳಿಸಲು ಕೇಳಿಕೊಂಡ. ನಾಲ್ಕನೆಯ ಸಲಕ್ಕೆ ಆ ಕಡೆಯವರು ಫೋನು ಇಟ್ಟುಬಿಟ್ಟರು.

"ಕೊಡು ಇಲ್ಲಿ ಬಾವುಟ" ಅಂದೆ.

"ನೀವಾ? ಆಗಂಗಿಲ್ಲ ರೀ ಬಾಯಿ. ಹಂಗ ನೇಮ ಇಲ್ಲ."

"ಮತ್ತ ಖುರ್ಚಿ ಹಾಕೂ ನೇಮ ಅದ ಏನು?"

ಅವನು ಹಳಿಯ ಕಡೆ ನೋಡಿದ, ಫೋನಿನ ಕಡೆ ನೋಡಿದ, ಕೊನೆಗೆ ಬಾವುಟ ಕೊಟ್ಟ. ಕೊಡುವ ಮೊದಲು ಪಾಠ ಮಾಡಿದ. ನೂರು ಹೆಜ್ಜೆ ಮುಂದಿರಬೇಕು. ಹಳಿಗಳ ನಡುವೆ ಕಾಲಿಡಬಾರದು, ಬದಿಗೆ ನಡೆಯಬೇಕು. ಕೆಂಪು ಬಾವುಟ ಅಡ್ಡ ಹಿಡಿದರೆ ಅವನು ನಿಲ್ಲಿಸುತ್ತಾನೆ, ನಾನು ಕಣ್ಣಿಗೆ ಕಾಣದಿದ್ದರೂ ನಿಲ್ಲಿಸುತ್ತಾನೆ. ಇಷ್ಟನ್ನೂ ನನ್ನ ಬಾಯಿಂದ ಎರಡು ಸಲ ಹೇಳಿಸಿದ. ಮೂವತ್ತೊಂದು ವರ್ಷ ಮಕ್ಕಳಿಂದ ಹೇಳಿಸಿದವಳು ನಾನು. ನನ್ನಿಂದ ಹೇಳಿಸಿದವನು ಇವನೊಬ್ಬನೇ. ಇಂಥವನನ್ನು ತಾವು "ಬೇಜವಾಬ್ದಾರಿ" ಎಂದಿದ್ದೀರಿ.

ಹೊರಟೆವು. ಬಾವುಟ ಬಗಲಲ್ಲಿ, ಕೈಯಲ್ಲಿ ತಾಟು ಮತ್ತು ಚಮಚ. ನಾನು ಬಾರಿಸುತ್ತ ಮುಂದೆ, ಆ ಆನೆಗಾತ್ರದ ಯಂತ್ರ ನನ್ನ ಮೊಣಕಾಲು ನೋವಿನ ನಡಿಗೆಗೆ ಸರಿಯಾಗಿ ಹಿಂದೆ. ಸೋಯಾಬೀನ್ ಹೊಲದಿಂದ ಕುಸುಮಬಾಯಿ ಎದ್ದು ನಿಂತು ಕೂಗಿದಳು: "ಏ ದಾನೇಶ್ವರಿ, ಯಾರದ್ ಲಗ್ನಾ ಇದು?"

"ರೇಲ್ವೆದು!" ಎಂದೆ.

ನಗುತ್ತಲೇ ತಿರುವಿಗೆ ಬಂದೆ. ನಗು ಅಲ್ಲೇ ನಿಂತಿತು. ಎದುರಿಗೆ ನಮ್ಮ ಓಣಿಯ ಚಂಪಾಬಾಯಿ ಹಳಿಯ ಮೇಲೆ ಕೂತು, ಬೆನ್ನು ನಮ್ಮ ಕಡೆ ಮಾಡಿ, ಅಂಗಾಲಿನ ಮುಳ್ಳು ತೆಗೆಯುತ್ತಿದ್ದಳು. ಪಕ್ಕದಲ್ಲಿ ಅವಳ ಆಡು. ಆಕೆಗೆ ಹತ್ತು ವರ್ಷದಿಂದ ಕಿವಿ ಕೇಳುವುದಿಲ್ಲ. ತಾಟು ಬಗ್ಗುವ ಹಾಗೆ ಬಾರಿಸಿದೆ. ಕನ್ನಡದಲ್ಲಿ ಒದರಿದೆ, ಮರಾಠಿಯಲ್ಲಿ ಒದರಿದೆ. ಆಡು ತಿರುಗಿ ನೋಡಿತು, ಆಕೆ ನೋಡಲಿಲ್ಲ. ತಾಟು ಎಸೆದು ಬಾವುಟ ಅಡ್ಡ ಹಿಡಿದೆ. ಹಿಂದೆ ಬುಸ್ ಎಂದು ಯಂತ್ರ ನಿಂತ ಸದ್ದು ಕೇಳಿತು. ಓಡಿಹೋಗಿ ಅವಳ ಭುಜ ಹಿಡಿದೆ.

ಚಂಪಾಬಾಯಿ ಬೆಚ್ಚಿಬಿದ್ದು ನನ್ನನ್ನೇ ಬೈದಳು: "ಎದಿ ಒಡದಂಗಾತಲ್ಲ! ಒಂದ್ ಮಾತ್ ಕೂಗಿ ಬರಬಾರದೇನ?"

ನಾನು ಜಲ್ಲಿಯ ಮೇಲೆ ಕೂತೆ. ಗುರುಶಾಂತ ಓಡಿ ಬಂದ. ನಮ್ಮಿಬ್ಬರಿಗೂ ತನ್ನ ಬಾಟಲಿಯ ನೀರು ಕೊಟ್ಟ. ಆಮೇಲೆ ಯಂತ್ರದ ಇಕ್ಕಳ ತಂದು ಚಂಪಾಬಾಯಿಯ ಮುಳ್ಳು ತೆಗೆದ. ಹತ್ತೊಂಬತ್ತರಲ್ಲಿ ಎರಡು ನಿಮಿಷ ಆ ಮುಳ್ಳಿಗೆ ಹೋದವು. ಬೇಕಾದರೆ ಅವನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ಇದನ್ನೆಲ್ಲ ಮರಾಠಿಯಲ್ಲಿ ಬರೆದು ತಮ್ಮ ಕಚೇರಿಗೆ ಕೊಟ್ಟೆ. "ಅನಧಿಕೃತ ವ್ಯಕ್ತಿಯ ಹೇಳಿಕೆಗೆ ಮಾನ್ಯತೆ ಇಲ್ಲ" ಎಂದು ಹಿಂದೆ ಬಂತು. ಗಾಡಿ ತಡಮಾಡಲು ನನಗೆ ಮಾನ್ಯತೆ ಉಂಟು, ತಡ ಏಕಾಯಿತೆಂದು ಹೇಳಲು ಇಲ್ಲ! ಅದಕ್ಕೇ ಈಗ ಕನ್ನಡದಲ್ಲಿ, ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ. ಈ ಭಾಷೆಯಲ್ಲಿ ನನಗೆ ಬೈಯಲು ಹೆಚ್ಚು ಅನುಕೂಲ.

"ಹೊಸ ಹಾರ್ನ್ ಅಳವಡಿಸಲಾಗಿದೆ, ಪ್ರಕರಣ ಮುಗಿದಿದೆ" ಎಂದೂ ತಿಳಿಸಿದ್ದೀರಿ. ಕೇಳಿದ್ದೇವೆ, ಸಾಹೇಬರೇ. ಮೊನ್ನೆ ಅದರ ಸದ್ದಿಗೆ ಕುಸುಮಬಾಯಿಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಚಂಪಾಬಾಯಿ ನಮ್ಮ ಕಟ್ಟೆಯ ಮೇಲೆ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಯಂತ್ರದ ಮುಂದೆ ಯಾರೂ ನಡೆಯುತ್ತಿರಲಿಲ್ಲ. ಆ ದಿನ ಆಕೆಯನ್ನು ಉಳಿಸಿದ್ದು ಸದ್ದೇ? ಮುಂದೆ ನಡೆದ ಒಂದು ಜೋಡಿ ಕಣ್ಣು, ಹಿಂದೆ ಬ್ರೇಕ್ ಹಿಡಿದು ಕಾಯುತ್ತಿದ್ದ ಒಂದು ಕೈ.

ಕಳೆದ ವಾರ ಗುರುಶಾಂತ ಮನೆಗೆ ಬಂದಿದ್ದ. "ಬೋಲ್ಟ್ ಎಣಸೂದು ಹಗುರ ಕೆಲಸ ರೀ ಬಾಯಿ" ಅಂದ. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಆದ್ರ ಈಗ ಆ ತಿರುವಿನಾಗ ಯಾರ್ ಹೆಂಗ ನಡಸಲತ್ಯಾರೋ ಅಂತ ಜೀವಕ್ಕ ಸಮಾಧಾನ ಇಲ್ಲ" ಅಂದ. ನೋಟೀಸಿನ ಮಾತೇ ಎತ್ತಲಿಲ್ಲ.

ಆ ಮಾತು ನಾನು ಎತ್ತುತ್ತೇನೆ. ನೋಟೀಸು ಹಿಂದೆ ತೆಗೆದುಕೊಳ್ಳಿ. ಅವನನ್ನು ಮತ್ತೆ ಯಂತ್ರ ಹತ್ತಿಸಿ. ಹಾರ್ನ್ ಇರಲಿ ಬಿಡಲಿ, ಆ ತಿರುವಿನಲ್ಲಿ ಯಂತ್ರದ ಮುಂದೆ ಒಬ್ಬ ಮನುಷ್ಯ ನಡೆಯಲೇಬೇಕು, ಎಷ್ಟೇ ದೊಡ್ಡ ಸಾಹೇಬರ ತಪಾಸಣೆ ಇದ್ದರೂ. ಯಂತ್ರ ಬರುವ ದಿನವನ್ನು ಊರಿಗೆ ಮೊದಲೇ ತಿಳಿಸಿ. ತಿಳಿಸುವವರಿಲ್ಲದೆ ದಿನಾ ಮಧ್ಯಾಹ್ನ ಚಂಪಾಬಾಯಿಯನ್ನು ನನ್ನ ಕಟ್ಟೆಯ ಮೇಲೆ ಕೂಡಿಸಿಕೊಂಡು ಕಾಯುತ್ತಿದ್ದೇನೆ. ಆಕೆಯ ಆಡು ನನ್ನ ಕರಿಬೇವಿನ ಗಿಡ ಮುಗಿಸಿದೆ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಆಕೆಯನ್ನು ಕರೆದುಕೊಂಡು ತಮ್ಮ ಕಚೇರಿಗೇ ಬರುತ್ತೇನೆ. ಹೊಸ ಹಾರ್ನ್ ಬಹಳ ಜೋರಾಗಿದೆ ಎಂಬ ಸಂಗತಿಯನ್ನು ತಾವೇ ಆಕೆಗೆ ಕೂಗಿ ಹೇಳಿ.

ಇಂತಿ, ಇನ್ನೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುವ,
ದಾನೇಶ್ವರಿ
ಉದಗೀರ ತಾಲೂಕು