ರೆಕ್ಕೆಯಿಲ್ಲದ ಸವತಿ

ಹೊಲಿಗೆ ಕೋಣೆಯಿಂದ,
ಸೆಪ್ಟೆಂಬರ್ ೧೪, ಬೆಳಿಗ್ಗೆ

ಪ್ರೀತಿಯ ಕಾಡಿನ ರಾಯರಿಗೆ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ನಾನು ಚೆನ್ನಾಗಿದ್ದೇನೆ. ನೀವು ಕೇಳಲಿಲ್ಲ, ನಾನಾಗಿಯೇ ಹೇಳುತ್ತಿದ್ದೇನೆ. ನಿಮ್ಮ ಎರಡು ಪುಟದ ಕಾಗದದಲ್ಲಿ 'ಅವಳು ಗೂಡಿನಿಂದ ಹೊರಬಂದಳೇ' ಎಂದು ಮೂರು ಸಲ ಇದೆ. ನನ್ನ ವಿಷಯ ಎಲ್ಲಾದರೂ ಇದ್ದೀತೆಂದು ಲಕೋಟೆಯನ್ನೂ ಕೊಡವಿ ನೋಡಿದೆ.

ಬಂದಿದ್ದಾಳೆ ಮಹರಾಯರೇ, ನೀವು ಸಾಕಲೆಂದು ಕಾಡಿನಿಂದ ಕಳಿಸಿದ ನಿಮ್ಮ ಪತಂಗದ ರಾಣಿ. ಹುಳುವಾಗಿದ್ದಾಗ ಬೆನ್ನ ಮೇಲೆ ಹಲ್ಲುಜ್ಜುವ ಬ್ರಷ್ಷಿನಂಥ ನಾಲ್ಕು ಕುಚ್ಚು ಇಟ್ಟುಕೊಂಡು ಮೆರೆದಳು. ದಿನಾ ಹಸಿ ಎಲೆ ತಂದು ಹಾಕಿದವಳು ನಾನು. ಆಮೇಲೆ ತನ್ನ ಮೈಕೂದಲನ್ನೇ ಸೇರಿಸಿ ಗೂಡು ಹೆಣೆದುಕೊಂಡಳು. ಮಂಗಳವಾರ ಬೆಳಿಗ್ಗೆ ಹೊರಬಂದಾಗ ನೋಡಿದರೆ, ರೆಕ್ಕೆಯೇ ಇಲ್ಲ! ಬೂದು ಹತ್ತಿಯುಂಡೆಗೆ ಆರು ಕಾಲು, ಅಷ್ಟೇ. ಇಂಥವಳ ಹಿಂದೆ ಐದು ತಿಂಗಳಿಂದ ಮನೆ ಬಿಟ್ಟಿದ್ದೀರಲ್ಲ!

ನೀವು ಬರೆದಂತೆಯೇ ಬಲೆಯ ಪೆಟ್ಟಿಗೆಯಲ್ಲಿ ಕಿಟಕಿಗೆ ಇಟ್ಟು, ಅಂಗಿಗೆ ತೋಳು ಕೂರಿಸುತ್ತ ಕೂತೆ. ಅವಳು ಒಂದಂಗುಲ ಅಲ್ಲಾಡಲಿಲ್ಲ. ಊಟವಿಲ್ಲ, ತಿಂಡಿಯಿಲ್ಲ. ಆದರೂ ಅದೇನು ವಾಸನೆ ಬಿಟ್ಟಳೋ, ನನ್ನ ಮೂಗಿಗಂತೂ ತಿಳಿಯಲಿಲ್ಲ, ಮಧ್ಯಾಹ್ನದೊಳಗೆ ಊರಾಚೆಯ ಮರಗಳಿಂದ ಹದಿನೇಳು ಕಂದು ರೆಕ್ಕೆಯ ಗಂಡುಗಳು ಬಂದು ಬಲೆಗೆ ತಲೆ ಚಚ್ಚಿಕೊಂಡವು. ನನ್ನ ಹೊಟ್ಟೆ ಉರಿದುಹೋಯಿತು. ನಾನೂ ಇದೇ ಕಿಟಕಿಯ ಪಕ್ಕ ಕೂತಿದ್ದೇನೆ. ನನಗಿರುವ ಒಬ್ಬ ಗಂಡನಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಅವಳನ್ನು ಕರೆದೊಯ್ಯಲು ಇವತ್ತು ಜೀಪು ಬೇರೆ! ಕಾಡಿನಲ್ಲಿ ತೂಗುಹಾಕಿ, ಬರುವ ಗಂಡುಗಳನ್ನು ಎಣಿಸಬೇಕಂತೆ. 'ಒಂದು ಗಂಡು ಸೇರಿದರೂ ಮತ್ತೆ ಯಾವುದೂ ಹತ್ತಿರ ಬರುವುದಿಲ್ಲ, ಜೋಪಾನ' ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ನನಗಾಗಿ ನೀವು ಯಾವತ್ತು ಕೆಂಪು ಶಾಯಿ ಖರ್ಚು ಮಾಡಿದ್ದೀರಿ?

ಅತ್ತೆಗೆ ಹೇಳಿದರೆ ನಕ್ಕುಬಿಟ್ಟರು. "ಹುಳದ ಮೇಲೂ ಹೊಟ್ಟೆಕಿಚ್ಚಾ ನಿಂಗೆ? ಹುಚ್ಚಿ!" ಅಂದರು. ಹುಚ್ಚೋ ಏನೋ, ಕಿಚ್ಚಂತೂ ಹೌದು.

ಅವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಿನಲ್ಲಿ ಜಾಸ್ತಿ ಅಲೆಯಬೇಡಿ.

ಇಂತಿ,
ನೀವು ಕೇಳದಿದ್ದರೂ ಚೆನ್ನಾಗಿರುವ
ನಿಮ್ಮ ಹೆಂಡತಿ

ಇನ್ನೊಂದು ಮಾತು: ಜೀಪಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಮಂಗಳವಾರ ಸಂಜೆ ನಾನೇ ಪೆಟ್ಟಿಗೆ ತೆರೆದು ಒಂದು ಗಂಡನ್ನು ಒಳಗೆ ಬಿಟ್ಟೆ. ಬೇಕೆಂದೇ ಬಿಟ್ಟೆ. ಆಮೇಲೆ ಅವಳ ಕಡೆ ಒಂದೂ ತಿರುಗಿ ನೋಡಲಿಲ್ಲ. ಗೂಡಿನ ಮೇಲೆಯೇ ರಾಶಿ ಮೊಟ್ಟೆಯಿಟ್ಟು ಇವತ್ತು ಬೆಳಿಗ್ಗೆ ಸತ್ತಳು. ಯಾಕೋ ನನಗೇ ಅಳು ಬಂತು. ಮೊಟ್ಟೆಗಳನ್ನು ಜೀಪಿನವನ ಕೈಗೆ ಕೊಡುವುದಿಲ್ಲ. ಬೇಕಿದ್ದರೆ ನೀವೇ ಬನ್ನಿ. ಬಂದಮೇಲೆ ಹೊರಡುವ ಅವಸರ ಬೇಡ. ಚಳಿ ಕಳೆಯುವವರೆಗೆ ಅವು ಒಡೆದು ಮರಿಹುಳು ಹೊರಬರುವುದಿಲ್ಲ.